ಚನ್ನಪಟ್ಟಣದ ಮನೆಯಲ್ಲಷ್ಟೇ ಕೆಡುತ್ತಿದ್ದ ಕಂಪ್ಯೂಟರು

2024ರ ಜುಲೈ 8, ಸೋಮವಾರ ಸಂಜೆ ಚನ್ನಪಟ್ಟಣದ ಒಂದು ಮನೆಯ ಮಹಡಿಯಲ್ಲಿ ಹೊಸ ಗೇಮಿಂಗ್ ಕಂಪ್ಯೂಟರಿನ ಪರದೆ ಆಟದ ನಡುವೆ ಕಪ್ಪಾಯಿತು. ಫ್ಯಾನುಗಳು ತಿರುಗುತ್ತಿದ್ದವು, ಒಳಗಿನ ಬಣ್ಣದ ದೀಪಗಳು ಉರಿಯುತ್ತಿದ್ದವು, ಹೆಡ್‌ಫೋನಿನಲ್ಲಿ ಜೊತೆಗಾರ್ತಿಯರ ದನಿ ಸ್ವಲ್ಪ ಹೊತ್ತು ಕೇಳಿ ನಿಂತುಹೋಯಿತು. ಚಿತ್ರ ಮಾತ್ರ ಮರಳಿ ಬರಲಿಲ್ಲ. ಆ ಯಂತ್ರವನ್ನು ಜೋಡಿಸಿ ಕೊಟ್ಟಿದ್ದು ರಾಮನಗರದ ನಮ್ಮ ಅಂಗಡಿ.

ಅಂಗಡಿ ತೆರೆಯುವ ಮೊದಲು ನಾನು ಬೆಂಗಳೂರಿನ ಒಂದು ದಿನಪತ್ರಿಕೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಪುಟಗಳು ಮುದ್ರಣಕ್ಕೆ ಹೋಗುವ ಹೊತ್ತಿನಲ್ಲಿ ಸುದ್ದಿಮನೆಯ ಯಾವ ಯಂತ್ರವೂ ಕೈಕೊಡದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಏನು ಕೆಟ್ಟಿದೆ ಎಂದು ಕೇಳುವ ಮೊದಲು, ಕೆಡುವ ಮುಂಚೆ ಏನು ಬದಲಾಯಿತು ಎಂದು ಕೇಳಬೇಕೆಂಬುದು ಅಲ್ಲಿ ಕಲಿತ ಪಾಠ. ಈ ಪ್ರಕರಣದಲ್ಲಿ ಆ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಿದ್ದೆ. 'ಏನೂ ಬದಲಾಗಿಲ್ಲ' ಎಂದು ಮನೆಯವರು ಉತ್ತರಿಸಿದ್ದರು. ಅವರು ಸುಳ್ಳು ಹೇಳಿರಲಿಲ್ಲ.

ಯಂತ್ರ ತಬಸ್ಸುಮ್‌ಳದು. ಬಿಸಿಎ ಕೊನೆಯ ವರ್ಷದಲ್ಲಿದ್ದ ಹುಡುಗಿ. ಬೇರೆಬೇರೆ ಊರುಗಳಲ್ಲಿ ಕುಳಿತು ಆನ್‌ಲೈನಿನಲ್ಲಿ ಒಂದೇ ತಂಡವಾಗಿ ಆಡುವ ಐವರು ಹುಡುಗಿಯರಲ್ಲಿ ಅವಳೂ ಒಬ್ಬಳು. ಮೈಸೂರಿನ ದೀಕ್ಷಾ ಎಂಬಾಕೆ ತಂಡದ ನಾಯಕಿ. ಜುಲೈ 21ರ ಭಾನುವಾರ ಅವರಿಗೆ ಒಂದು ಪಂದ್ಯಾವಳಿಯ ಅರ್ಹತಾ ಸುತ್ತು ಇತ್ತು. ಆಡುವ ಐವರ ಹೆಸರನ್ನು ಅದರ ಹಿಂದಿನ ಶುಕ್ರವಾರ ಸಂಜೆಯೊಳಗೆ ಕಳಿಸಬೇಕು, ಆಮೇಲೆ ಬದಲಿಸುವಂತಿಲ್ಲ. ಆಟದ ನಡುವೆ ಒಬ್ಬಳು ಮಾಯವಾದರೆ ಉಳಿದ ನಾಲ್ವರು ಐವರೆದುರು ಆಡಬೇಕಾಗುತ್ತದೆ. ಎರಡು ವರ್ಷ ಗೆಳತಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಆಡಿ ತಂಡಕ್ಕೆ ಸೇರಿದ್ದ ತಬಸ್ಸುಮ್‌ಗೆ, ಸ್ವಂತ ಯಂತ್ರ ಬಂದ ಮೇಲೆ ತಂಡದಲ್ಲಿ ತನ್ನ ಜಾಗವೇ ಹೋಗುವ ಸ್ಥಿತಿ ಬಂದಿತ್ತು.

ಅವಳ ತಂದೆ ಸಾದಿಕ್ ಬೊಂಬೆ ಮಾಡುವವರು. ಮನೆಯ ಕೆಳಗೇ ಶೆಡ್ಡು, ಅಲ್ಲಿ ಮೋಟಾರಿನ ಲೇತು. ತಿರುಗುವ ಆಲೆ ಮರದ ತುಂಡಿಗೆ ಉಳಿ ಹಿಡಿದು ರೂಪ ಕೊಟ್ಟು, ಬಣ್ಣದ ಅರಗನ್ನು ಒತ್ತಿ ಹೊಳಪು ತರುವ ಕೆಲಸ. ನನ್ನ ಜೊತೆ ಅಂಗಡಿ ನಡೆಸುವ ಹೊಂಗನೂರಿನ ಶಿವಣ್ಣ ಮತ್ತು ಸಾದಿಕ್ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಈ ಯಂತ್ರದ ಕೆಲಸ ನಮಗೆ ಬಂದದ್ದೂ ಹಾಗೆಯೇ.

ಮುಂದಿನದು ಅರ್ಥವಾಗಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಎಂದರೇನೆಂದು ಹೇಳಬೇಕು. ಆಟದ ದೃಶ್ಯಗಳನ್ನು ಕ್ಷಣಕ್ಷಣಕ್ಕೂ ಬಿಡಿಸಿ ಪರದೆಗೆ ಕಳಿಸುವ ಭಾಗ ಅದು. ಹೆಸರು ಕಾರ್ಡ್ ಎಂದಿದ್ದರೂ ಇಟ್ಟಿಗೆಗಿಂತ ಉದ್ದವಾಗಿ, ಮೈಮೇಲೆ ಮೂರು ಫ್ಯಾನು ಹೊತ್ತಿರುತ್ತದೆ. ಮದರ್‌ಬೋರ್ಡ್ ಎಂಬ ಮುಖ್ಯ ಹಲಗೆಯಲ್ಲಿ ಸ್ಲಾಟ್ ಎಂಬ ಸೀಳಿದೆ. ಕಾರ್ಡಿನ ಒಂದು ಅಂಚನ್ನು ಅದರೊಳಗೆ ಕೂರಿಸಿ ಹಿಂಬದಿಗೆ ಸ್ಕ್ರೂ ಬಿಗಿದರೆ ಆಯಿತು. ಉಳಿದ ಭಾರವೆಲ್ಲ ಗೋಡೆಗೆ ಹೊಡೆದ ಶೆಲ್ಫಿನ ಹಾಗೆ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ವರ್ಷಗಳು ಕಳೆದಂತೆ ತುದಿ ಕೊಂಚ ಬಾಗುವುದುಂಟು. ಯಂತ್ರ ಒಪ್ಪಿಸುವಾಗ ನಾನು ಇದನ್ನು ಗಿರಾಕಿಗಳಿಗೆ ಹೇಳುತ್ತೇನೆ. ಸಾದಿಕ್‌ಗೂ ಹೇಳಿದ್ದೆ.

ಮನೆಗೆ ಹೋದ ಮೊದಲ ದಿನಗಳಲ್ಲಿ ಯಂತ್ರ ಚೆನ್ನಾಗಿಯೇ ಇತ್ತು. ಪರದೆ ಕಪ್ಪಾದ ಮಾರನೆಯ ದಿನ ಸಾದಿಕ್ ಅದನ್ನು ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ, ಮಲಗಿಸಿಕೊಂಡು ತಂದರು. ನಾವು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾರ್ಡಿನ ಮೇಲೆ ಸ್ಟ್ರೆಸ್ ಟೆಸ್ಟ್ ನಡೆಸಿದೆವು. ಆಟಕ್ಕಿಂತ ಹೆಚ್ಚಿನ ಕೆಲಸ ಕೊಟ್ಟು, ಬೆವರಿಳಿಸಿ ನೋಡುವ ಪರೀಕ್ಷೆ ಇದು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

"ಲೇ ಸಾದಿಕ್, ಇದಕ್ಕೇನೂ ಆಗಿಲ್ಲ ಕಣ್ಲಾ. ಡಾಕ್ಟ್ರ ಮಕ ನೋಡ್ತಿದ್ದಂಗೆ ಜ್ವರ ಇಳೀತದಲ್ಲ, ಹಂಗೆ" ಎಂದ ಶಿವಣ್ಣ.

"ಹಂಗಾರೆ ನಿನ್ನನ್ನೇ ಮನೇಲಿ ಇಟ್ಕೊಬೇಕು. ಊಟ ಹಾಕೋರು ಯಾರ್ಲಾ?" ಎಂದರು ಸಾದಿಕ್. ನಗುತ್ತಲೇ ಹೇಳಿದರು. ಆದರೆ ಆಟೋದವನಿಗೆ ಯಂತ್ರ ಎತ್ತಿಕೊಡುವಾಗ ಎರಡು ಸಲ ತಿರುಗಿ ನನ್ನ ಮುಖ ನೋಡಿದರು.

ಮನೆಗೆ ಹೋದ ಸಂಜೆಯೇ ಪರದೆ ಮತ್ತೆ ಕಪ್ಪಾಯಿತು.

ಯಂತ್ರ ತನ್ನೊಳಗೆ ದಾಖಲಿಸಿಕೊಂಡಿದ್ದ ದೋಷದ ವಿವರ ಒಂದೇ ಮಾತು ಹೇಳುತ್ತಿತ್ತು. ಆಟದ ನಡುವೆ ಗ್ರಾಫಿಕ್ಸ್ ಕಾರ್ಡ್ ಕಾಣೆಯಾಗಿದೆ. ಇದ್ದಲ್ಲೇ ಇದ್ದ ವಸ್ತು ಯಂತ್ರದ ಲೆಕ್ಕಕ್ಕೆ ಇಲ್ಲವಾಗಿತ್ತು. ಹೀಗಾಗಲು ಕಾರಣಗಳು ಕೆಲವೇ. ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಹಾಳಾಗಿರಬೇಕು. ಇಲ್ಲವೇ ಕಾರ್ಡೇ ಕೆಟ್ಟಿರಬೇಕು. ಇಲ್ಲವೇ ಅದಕ್ಕೆ ವಿದ್ಯುತ್ ಸಾಲದೆ ಹೋಗುತ್ತಿರಬೇಕು. ಅದೂ ಅಲ್ಲವೆಂದರೆ ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕ ತಪ್ಪುತ್ತಿರಬೇಕು.

ಒಂದೊಂದಾಗಿ ತೆಗೆದುಹಾಕುತ್ತ ಹೋದೆವು. ಡ್ರೈವರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆವು. ಮನೆಯಲ್ಲಿ ಕಪ್ಪು. ಯಂತ್ರವನ್ನು ಮತ್ತೆ ತರಿಸಿ, ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಪವರ್ ಸಪ್ಲೈ ಬದಲಿಸಿ, ಕಾರ್ಡಿಗೆ ಎರಡು ಬೇರೆಬೇರೆ ಕೇಬಲ್ ಎಳೆದೆವು. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಕಪ್ಪು. ಕೊನೆಗೆ ಕಾರ್ಡನ್ನೇ ತೆಗೆದು, ಅದೇ ಮಾದರಿಯ ಇನ್ನೊಂದನ್ನು ಡೀಲರ್‌ನಿಂದ ತಂದು ಕೂರಿಸಿದೆವು. ಇದರಲ್ಲಿ ಮುಗಿಯುತ್ತದೆ ಎಂದು ನಾನು ನಂಬಿದ್ದೆ. ಆ ಸಂಜೆ ತಬಸ್ಸುಮ್ ಫೋನು ಮಾಡಿದಾಗ ಹಲೋ ಎನ್ನಲಿಲ್ಲ. "ಸಾರ್, ಮತ್ತೆ ಹೋಯ್ತು" ಎಂದಷ್ಟೇ ಹೇಳಿದಳು.

ಯಂತ್ರದ ದೋಷವಲ್ಲವೆಂದಾದರೆ ಮನೆಯ ದೋಷವಿರಬೇಕು. ಮನೆಯಲ್ಲಿ ಲೇತು ಇತ್ತು. ದೊಡ್ಡ ಮೋಟಾರು ಶುರುವಾಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ. ನಾನು ಯುಪಿಎಸ್ ಹೊತ್ತುಕೊಂಡು ಚನ್ನಪಟ್ಟಣಕ್ಕೆ ಹೋದೆ. ಮಹಡಿಯ ಕೋಣೆ ಚಿಕ್ಕದು, ಚೊಕ್ಕಟವಾಗಿತ್ತು. ಗಾಜಿನ ಬದಿಯ ಕ್ಯಾಬಿನೆಟ್ಟು ಮೇಜಿನ ಮೇಲೆ ನೀಲಿ, ನೇರಳೆ ಬೆಳಕು ಬೀರುತ್ತಿತ್ತು. ಕಾರ್ಡಿನ ಕೆಳಗೆ ಕೆಂಪು ಪೇಟದ, ಡೋಲು ಬಡಿಯುವ ಒಂದು ಪುಟ್ಟ ಮರದ ಬೊಂಬೆ ನಿಂತಿತ್ತು. ಚನ್ನಪಟ್ಟಣದ ಮನೆಯಲ್ಲಿ ಬೊಂಬೆ ಕಂಡರೆ ಯಾರೂ ನಿಂತು ನೋಡುವುದಿಲ್ಲ. ಕಿಟಕಿಯಲ್ಲಿ, ಟೀವಿಯ ಮೇಲೆ, ಮೆಟ್ಟಿಲ ತಿರುವಿನಲ್ಲಿ ಎಲ್ಲ ಕಡೆ ಬೊಂಬೆಗಳಿದ್ದವು. ಗೇಮಿಂಗ್ ಯಂತ್ರದೊಳಗೆ ಅಲಂಕಾರಕ್ಕೆ ಬೊಂಬೆ ಇಡುವ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಯುಪಿಎಸ್ ಜೋಡಿಸಿ, ತಂತಿಗಳನ್ನು ಪರೀಕ್ಷಿಸಿ, ಆಟದ ಹೊತ್ತಿಗೆ ಲೇತು ನಿಲ್ಲಿಸಲು ಹೇಳಿ ಬಂದೆ.

ಸಾದಿಕ್ ಲೇತು ನಿಲ್ಲಿಸಿದರು. ಒಂದು ಸಾಗಣೆಗೆ ಬೊಂಬೆಗಳು ಬಾಕಿಯಿದ್ದರೂ ಮಗಳ ಅಭ್ಯಾಸ ಮುಗಿಯುವವರೆಗೆ ಕೈಕಟ್ಟಿ ಕುಳಿತರು. ಲೇತು ನಿಂತಿತ್ತು, ಯುಪಿಎಸ್ ನಡೆಯುತ್ತಿತ್ತು, ಪರದೆ ಕಪ್ಪಾಯಿತು.

ಅರ್ಹತಾ ಸುತ್ತಿಗೆ ನಾಲ್ಕೇ ದಿನ ಉಳಿದಿದ್ದ ಬುಧವಾರ ದೀಕ್ಷಾಳ ಫೋನು ಬಂದಾಗ ತಬಸ್ಸುಮ್ ನಮ್ಮ ಅಂಗಡಿಯಲ್ಲಿದ್ದಳು. ಸ್ಪೀಕರಿಗೆ ಹಾಕಿದಳು. ತಂತ್ರಜ್ಞರು ಕೇಳಿಸಿಕೊಂಡು ಉತ್ತರ ಹೇಳಲಿ ಎಂದಿರಬೇಕು.

"ತಬೂ, ನಂಗೂ ಬೇಜಾರೇ ಕಣೇ. ನೀನಿಲ್ದೆ ಆಡೋಕೆ ಇಷ್ಟ ಇಲ್ಲ. ಆದ್ರೆ ಅರ್ಧದಲ್ಲಿ ನೀನು ಹೋದ್ರೆ ಉಳಿದೋರ ಕಥೆ? ಶುಕ್ರವಾರ ನಾಲ್ಕು ಗಂಟೆಗೆ ಕೊನೇ ಪ್ರಾಕ್ಟೀಸ್. ಅದು ಪೂರ್ತಿ ಆಡಿದ್ರೆ ನಿನ್ನ ಹೆಸರು. ಇಲ್ಲಾಂದ್ರೆ ಸಬ್‌ಸ್ಟಿಟ್ಯೂಟ್ ಸ್ಫೂರ್ತಿದು ಹಾಕ್ತೀನಿ."

"ಹೂಂ" ಎಂದಳು ತಬಸ್ಸುಮ್. ಫೋನಿಟ್ಟು ನನ್ನನ್ನು ಕೇಳಿದಳು: "ಸಾರ್, ನಿಜ ಹೇಳಿ. ನಿಮಗೆ ಗೊತ್ತಾಗ್ತಾ ಇದೆಯಾ?"

ಇಲ್ಲ ಎಂದೆ. ಸುದ್ದಿಮನೆಯಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವ ರೂಢಿಯಿತ್ತು. ಅವಳು ತಲೆಯಾಡಿಸಿ, ಎದುರಿಗಿದ್ದ ಯಂತ್ರದ ಗಾಜನ್ನು ದುಪಟ್ಟಾದ ಅಂಚಿನಿಂದ ಒರೆಸತೊಡಗಿದಳು. ಗಾಜಿನ ಮೇಲೆ ಧೂಳೇನೂ ಇರಲಿಲ್ಲ.

ಅಂಗಡಿಯಲ್ಲಿ ಕೆಡದ್ದು ಮನೆಯಲ್ಲಿ ಕೆಡುತ್ತದೆಂದರೆ, ಅಂಗಡಿಯ ಮೇಜಿಗೂ ಮನೆಯ ಮೇಜಿಗೂ ನಡುವೆ ಏನೋ ಆಗುತ್ತಿದೆ. ಅದನ್ನು ಕೇಳಿ ತಿಳಿಯಲು ಆಗಿರಲಿಲ್ಲ. ನೋಡಿಯೇ ತಿಳಿಯಬೇಕಿತ್ತು. ಶುಕ್ರವಾರ ಬೆಳಿಗ್ಗೆ ಯಂತ್ರದ ಜೊತೆ ನಾನೂ ಗೂಡ್ಸ್ ಆಟೋ ಹತ್ತಿದೆ.

"ಮಿಶಿನ್ ಜೊತೆ ನೀವೂ ಹೋಯ್ತೀರಾ ಸಾರ್? ಹೆಣ್ಣನ್ನ ಗಂಡನ ಮನೆಗೆ ಬುಡಕ್ಕೆ ಹೊಂಟಂಗೈತೆ" ಎಂದ ಶಿವಣ್ಣ. ನಾನು ನಗದಿದ್ದುದನ್ನು ಕಂಡು, "ಆಗ್ತದೆ ಬುಡಿ" ಎಂದು ಸೇರಿಸಿದ.

ಹೆದ್ದಾರಿಯುದ್ದಕ್ಕೂ ಯಂತ್ರದ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದೆ. ಅದು ಅಲುಗಿದ್ದು ಒಂದೆರಡು ಗುಂಡಿಗಳಲ್ಲಿ ಮಾತ್ರ. ಮನೆ ತಲುಪಿ, ಮಹಡಿ ಹತ್ತಿಸಿ, ಮೇಜಿನ ಮೇಲೆ ನಿಲ್ಲಿಸಿದೆವು. ದಿನಾ ಮಾಡುವಂತೆಯೇ ಮಾಡಿ, ನಾನಿಲ್ಲ ಎಂದುಕೊಳ್ಳಿ ಎಂದು ಹೇಳಿ ಬಾಗಿಲ ಬಳಿ ನಿಂತೆ. ತಬಸ್ಸುಮ್ ಮಾನಿಟರಿನ ಕೇಬಲ್ ಹಾಕಿದಳು, ಕೀಬೋರ್ಡ್ ಹಾಕಿದಳು, ಸ್ವಿಚ್ಚಿಗೆ ಕೈ ಚಾಚಿದಳು.

"ತಡಿ ಮಗಾ" ಎಂದರು ಸಾದಿಕ್. ಮನೆಯಲ್ಲಿ ಅವರು ಆಡುವುದು ಉರ್ದು. ನಾನಿದ್ದೆನೆಂದು ಕನ್ನಡ.

ಅಂಗಿಯ ಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ್ದ ಡೋಲಿನ ಬೊಂಬೆಯನ್ನು ತೆಗೆದರು. ಗಾಜಿನ ಬಾಗಿಲು ಬಿಚ್ಚಿ, ಬೊಂಬೆಯನ್ನು ಕಾರ್ಡಿನ ಚಾಚಿದ ತುದಿಯ ಕೆಳಗೆ ಓರೆಯಾಗಿ ಇಟ್ಟರು. ಕಿಟಕಿಯಿಂದ ಮರದ ಕೊಡತಿ ತೆಗೆದುಕೊಂಡು ಬೊಂಬೆಯ ಬುಡಕ್ಕೆ ಮೆಲ್ಲಗೆ ಬಡಿದರು. ಟಕ್. ಟಕ್. ಬೊಂಬೆ ನೆಟ್ಟಗಾಯಿತು. ಬೆರಳಿನಿಂದ ಅದರ ಡೋಲನ್ನು ಅಲ್ಲಾಡಿಸಿ ನೋಡಿದರು. ಮತ್ತೊಂದು ಟಕ್. ಇನ್ನು ಅದು ಮಿಸುಕಲಿಲ್ಲ. "ಈಗ ಹಾಕು" ಎಂದರು.

"ಹಾಕಬೇಡ" ಎಂದೆ. "ಸಾದಿಕ್ ಭಾಯ್, ಅದೇನು?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಬೊಂಬೆ ಸಾರ್."

"ಬಡಿದಿದ್ದು ಯಾಕೆ?"

"ಅಲ್ಲಾಡ್ಬಾರ್ದಲ್ಲ ಸಾರ್! ಅಲ್ಲಾಡೋ ಬೊಂಬೆ ಮಾಡಿದ್ರೆ ನಮ್ಮಪ್ಪ ಇದೇ ಕೊಡತೀಲಿ ನನ್ ತಲೆಗೆ ಬುಡೋರು. ನೀವೇ ಹೇಳಿದ್ರಲ್ಲ, ಕಾರ್ಡು ಬರ್ತಾ ಬರ್ತಾ ಒಸಿ ಬಗ್ತದೆ ಅಂತ. ಅದಕ್ಕೇ ಮಿಶಿನ್ ಬಂದು ನಾಕು ದಿನ ಆದ್ಮೇಲೆ ಮಾಡ್ದೆ. ಕೆಳಗೊಂದು ಆನಿಕೆ ಇರ್ಲಿ ಅಂತ."

"ಅಂಗಡಿಗೆ ತರೋವಾಗ ತೆಗೀತಿದ್ರಾ?"

"ತೆಗೀದೆ? ಆಟೋಲಿ ಮಲಗಿಸ್ಕೊಂಡು ಬರೋದು. ಬೊಂಬೆ ಬಿದ್ದು ಏನಾರ ಒಡೆದ್ರೆ?"

"ಏನು ಬದಲಾಗಿದೆ ಅಂತ ಕೇಳಿದಾಗ ಹೇಳಲಿಲ್ಲ."

"ನೀವು ಕೇಳಿದ್ದು ಕಂಪ್ಯೂಟ್ರು ಸಾರ್" ಎಂದರು ಸಾದಿಕ್. "ಇದು ಬೊಂಬೆ."

ಮೊಬೈಲಿನ ಟಾರ್ಚ್ ಹಿಡಿದು ಸ್ಲಾಟಿನತ್ತ ಬಗ್ಗಿದೆ. ಚಾಚಿದ ತುದಿಯನ್ನು ಬೊಂಬೆ ಮೇಲಕ್ಕೆತ್ತಿದ್ದರಿಂದ ಕಾರ್ಡಿನ ಅಂಚು ಸೀಳಿನಲ್ಲಿ ಓರೆಯಾಗಿ ಕುಳಿತಿತ್ತು. ಒಂದು ಕೊನೆಯಲ್ಲಿ, ಪೂರ್ತಿ ಒಳಗಿರಬೇಕಾಗಿದ್ದ ಚಿನ್ನದ ಬಣ್ಣದ ಸಂಪರ್ಕಗಳು ಕೂದಲೆಳೆಯಷ್ಟು ಹೊರಗೆ ಕಾಣುತ್ತಿದ್ದವು. ಯಂತ್ರ ತಣ್ಣಗಿರುವಾಗ ಅಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ಆಟ ಬಿರುಸಾಗಿ ಕಾರ್ಡು ಬಿಸಿಯಾದಾಗ ಲೋಹ ಹಿಗ್ಗಬೇಕು. ಕೆಳಗೆ ಮಿಸುಕದ ಬೊಂಬೆ, ಹಿಗ್ಗಲು ಜಾಗವಿಲ್ಲ. ಎಲ್ಲೋ ಒಂದು ಸಂಪರ್ಕ ಕ್ಷಣ ಮಾತ್ರ ತಪ್ಪಿದರೂ ಕಾರ್ಡು ಕಾಣೆಯಾಗುತ್ತದೆ. ಇದು ನನ್ನ ಅನುಮಾನ, ಸಾಕ್ಷಿ ಇನ್ನೂ ಇರಲಿಲ್ಲ. ಬೊಂಬೆಯನ್ನು ಹಾಗೇ ಬಿಟ್ಟು ಪರೀಕ್ಷೆ ನಡೆಸುತ್ತೇನೆ ಎಂದೆ.

"ಬೇಡ ಸಾರ್" ಎಂದಳು ತಬಸ್ಸುಮ್. "ಗೊತ್ತಾಯ್ತಲ್ಲ, ತೆಗೆದುಬಿಡಿ. ಮತ್ತೆ ಯಾಕೆ ಕೆಡಿಸೋದು? ಇವತ್ತೇ ಏನಾದ್ರೂ ಸುಟ್ಟುಹೋದ್ರೆ?"

"ಗೊತ್ತಾಗಿಲ್ಲ. ಈಗ ತೆಗೆದು, ನಾಲ್ಕು ಗಂಟೆಗೆ ಮತ್ತೆ ಕಪ್ಪಾದರೆ?"

ಅವಳು ತಂದೆಯ ಕಡೆ ನೋಡಿದಳು. ಸಾದಿಕ್ ಕೊಡತಿಯನ್ನು ಕಿಟಕಿಯಲ್ಲಿಟ್ಟು, ಅದರಿಂದ ದೂರ ಸರಿದು ನಿಂತರು. ಪರೀಕ್ಷೆ ಶುರುವಾಯಿತು. ಕಾರ್ಡಿನ ಉಷ್ಣತೆ ಏರುತ್ತಿದ್ದುದು ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಮೂವರೂ ಆ ಅಂಕಿಯನ್ನೇ ನೋಡುತ್ತಿದ್ದೆವು. ಅಂಕಿ ಏರಿ ನಿಂತ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು.

ಬೊಂಬೆ ತೆಗೆದೆ. ಕಾರ್ಡನ್ನು ಬಿಚ್ಚಿ, ಮತ್ತೆ ನೆಟ್ಟಗೆ ಕೂರಿಸಿ, ಯಂತ್ರ ಚಾಲೂ ಮಾಡಿದೆ. ಫ್ಯಾನು ತಿರುಗಿತು. ದೀಪ ಬಂತು. ಪರದೆಯ ಮೇಲೆ ಏನೂ ಬರಲಿಲ್ಲ.

ಬೊಂಬೆ ದಿನಗಟ್ಟಲೆ ಕೊಟ್ಟ ಒತ್ತಡಕ್ಕೆ ಸ್ಲಾಟಿನ ಒಳಗಿನ ಸಂಪರ್ಕಗಳೇ ಬಾಗಿದ್ದರೆ ಮದರ್‌ಬೋರ್ಡ್ ಬದಲಿಸಬೇಕು. ಹೊಸ ಬೋರ್ಡು ಅಂದೇ ಸಿಗುವ ಮಾತಿರಲಿಲ್ಲ. ಸಾದಿಕ್ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ನನ್ ಕೈಯಾರೆ ಕೆಡಿಸ್ಬುಟ್ನಾ ಸಾರ್?" ಎಂದರು. ಮಸೀದಿಯಲ್ಲಿ ಆಜಾನ್ ಕೇಳಿತು. ಜುಮ್ಮಾ ನಮಾಜಿನ ಹೊತ್ತು. ಅವರು ಎದ್ದು, ಮಗಳ ತಲೆ ಮುಟ್ಟಿ ಹೊರಟರು.

ಕಾರ್ಡನ್ನು ಮತ್ತೆ ಬಿಚ್ಚಿದೆ. ಸ್ಲಾಟಿನ ಸೀಳಿಗೆ ಟಾರ್ಚ್ ಹಿಡಿದು, ತಬಸ್ಸುಮ್‌ಗೆ ಲೆನ್ಸ್ ಕೊಟ್ಟು, ಇಬ್ಬರೂ ಸಾಲಾಗಿ ಪರೀಕ್ಷಿಸಿದೆವು. ಅವಳ ಕಣ್ಣು ನನಗಿಂತ ಚುರುಕು. "ಸಾರ್, ಇಲ್ಲಿ ಏನೋ ಹಳದಿ" ಎಂದಳು. ಮರದ ಹೊಟ್ಟು, ಗೋಧಿಹಿಟ್ಟಿನಷ್ಟು ನಯ. ಕೆಳಗಿನ ಶೆಡ್ಡಿನದು. ಓರೆಯಾದ ಅಂಚಿನ ಸಂದಿನಲ್ಲಿ ಸೇರಿ, ನಾನು ಕಾರ್ಡನ್ನು ನೆಟ್ಟಗೆ ಒತ್ತಿದಾಗ ಒಳಕ್ಕೆ ಇಳಿದಿತ್ತು. ಬಾಗಿದ ಸಂಪರ್ಕ ಒಂದೂ ಕಾಣಲಿಲ್ಲ. ಬ್ರಶ್ಶಿನಿಂದ ತೆಗೆದು, ಬ್ಲೋಯರ್ ಹಿಡಿದು, ಕಾರ್ಡನ್ನು ಮೂರನೆಯ ಸಲ ಕೂರಿಸಿದೆವು.

ಸ್ವಿಚ್ ಹಾಕಿದ್ದು ಅವಳೇ. ಪರದೆ ಬೆಳಗಿತು.

ನಾಲ್ಕು ಗಂಟೆಯ ಅಭ್ಯಾಸಕ್ಕೆ ಮೊದಲು ಸಾದಿಕ್ ಲೇತು ನಿಲ್ಲಿಸಲು ಹೊರಟರು. ನಿಲ್ಲಿಸಬೇಡಿ, ನಡೆಸಿ ಎಂದೆ. ಭಾನುವಾರ ಲೇತು ನಡೆದರೂ ನಡೆಯದಿದ್ದರೂ ಯಂತ್ರ ನಿಲ್ಲಬಾರದು. ಅವರು ಒಲ್ಲದ ಮನಸ್ಸಿನಿಂದ ಕೆಳಗಿಳಿದರು. ಮೋಟಾರಿನ ಸದ್ದು ನೆಲದಿಂದ ಮೇಜಿಗೆ ಬಂತು. ತಬಸ್ಸುಮ್ ಹೆಡ್‌ಫೋನಿನ ಒಂದು ಕಿವಿಯನ್ನು ಮಾತ್ರ ಮುಚ್ಚಿಕೊಂಡು ಆಡತೊಡಗಿದಳು.

ಕೆಳಗೆ ಆಗಾಗ ಲೇತಿನ ಸದ್ದು ತಗ್ಗುತ್ತಿತ್ತು. ಆಗೆಲ್ಲ ಮೆಟ್ಟಿಲ ಬುಡದಿಂದ ಸಾದಿಕ್ ದನಿ ಬರುತ್ತಿತ್ತು.

"ಐತಾ ಮಗಾ?"

"ಐತೆ ಅಬ್ಬಾ."

ಮತ್ತೆ ಮೋಟಾರು. ಉಷ್ಣತೆಯ ಅಂಕಿ ಬೆಳಿಗ್ಗೆ ಪರದೆ ಕಪ್ಪಾದ ಜಾಗಕ್ಕೆ ಬಂದು, ಅಲ್ಲೇ ನಿಂತಿತು. ನಾನು ಕುರ್ಚಿಯಿದ್ದರೂ ಕೂರಲಿಲ್ಲ.

"ಐತಾ?"

"ಐತೆ ಅಂದ್ನಲ್ಲ ಅಬ್ಬಾ, ಸತ್ತೋಗ್ತೀನಿ ಈಗ ನಿನ್ನಿಂದ!" ಎಂದಳು. ಅವಳು ಹೇಳಿದ್ದು ಆಟದೊಳಗಿನ ಸಾವು. ಕೆಳಗೆ ಲೇತು ಪೂರ್ತಿ ನಿಂತಿತು. ಆಮೇಲೆ ಅರ್ಥವಾಗಿ ಮತ್ತೆ ಶುರುವಾಯಿತು.

ಅಭ್ಯಾಸ ಪಂದ್ಯ ಕೊನೆಯವರೆಗೂ ನಡೆಯಿತು. ಹೆಡ್‌ಫೋನ್ ತೆಗೆದ ತಬಸ್ಸುಮ್ ಫೋನು ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿಗೆ ದೀಕ್ಷಾ ತಂಡದ ಗುಂಪಿಗೆ ಐದು ಹೆಸರು ಕಳಿಸಿದಳು. ತಬಸ್ಸುಮ್ ಹೆಸರು ನಾಲ್ಕನೆಯದು.

ಬೊಂಬೆಯನ್ನು ಎಸೆಯಲು ನಾನು ಹೇಳಲಿಲ್ಲ. ಆಸರೆಯ ಯೋಚನೆ ಸರಿಯಾದದ್ದೇ, ತಪ್ಪಿದ್ದು ಬಿಗಿಯಲ್ಲಿ. ಕಾರ್ಡಿಗೂ ಬೊಂಬೆಯ ತಲೆಗೂ ನಡುವೆ ಲಗ್ನಪತ್ರಿಕೆಯ ದಪ್ಪದಷ್ಟು ಸಂದು ಬೇಕು, ಮುಂದೆ ಕಾರ್ಡು ಬಾಗಿದರೆ ಮಾತ್ರ ತಾಗಬೇಕು ಎಂದೆ. ಬೊಂಬೆ ಬೀಳದ ಹಾಗೆ ಬುಡಕ್ಕೆ ಅಂಟು ಹಾಕಿದರೆ ಸಾಕು. ಸಾದಿಕ್‌ಗೆ ಅದು ಹಿಡಿಸಲಿಲ್ಲ.

"ಸಡಿಲ ಬುಟ್ಟು ಮಾಡೋ ಕೆಲ್ಸ ನಂಗೆ ಬರಕಿಲ್ಲ ಸಾರ್" ಎಂದರು. ಆದರೂ ಬೊಂಬೆಯನ್ನು ಲೇತಿಗೆ ಹಾಕಿದರು. ಉಳಿ ತಾಗಿದ ಕೂಡಲೇ ಕೆಂಪು ಅರಗು ಎಳೆಯಾಗಿ ಸುರುಳಿ ಬಿಚ್ಚಿತು. ಪೇಟ ಹೋಯಿತು, ಬೋಳು ತಲೆ ಉಳಿಯಿತು. ಯಾರದೋ ಮದುವೆಯ ಪತ್ರಿಕೆಯನ್ನು ಕಾರ್ಡಿನ ಕೆಳಗೆ ಹಾಯಿಸಿ, ಅದು ತಡೆಯಿಲ್ಲದೆ ಆಚೆ ಬರುವವರೆಗೆ ಮೂರು ಸಲ ಮೇಲೆ ಕೆಳಗೆ ಓಡಾಡಿದರು.

ಶನಿವಾರ ಈ ಸಂಗತಿ ಕೇಳಿದ ಶಿವಣ್ಣ ಫೋನಿನಲ್ಲಿ ಗೆಳೆಯನನ್ನು ಹಿಡಿದುಕೊಂಡ: "ಏನ್ಲಾ ಸಾದಿಕ್, ಕಂಪ್ಯೂಟ್ರುಗೆ ಊರುಗೋಲು ಕೊಡು ಅಂದ್ರೆ ಕುತ್ತಿಗೆಗೆ ಕೈ ಹಾಕಿದ್ದೀಯಲ್ಲ!"

ಅಂದಿನಿಂದ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಷ್ಟೇ ಕೆಡುವ ಯಂತ್ರ ಬಂದರೆ, ಏನು ಬದಲಿಸಿದಿರಿ ಎಂದು ಕೇಳಿ ಬಿಡುವುದಿಲ್ಲ. ನಮ್ಮೆದುರೇ ಒಮ್ಮೆ ಮೊದಲಿಂದ ಜೋಡಿಸಿ ತೋರಿಸಿ ಎನ್ನುತ್ತೇವೆ.

ಜುಲೈ 21ರ ಭಾನುವಾರ ತಂಡ ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತಿತು. ಎರಡರಲ್ಲೂ ಐವರೂ ಕೊನೆಯವರೆಗೆ ಆಡಿದರು. ತಬಸ್ಸುಮ್ ಈಗಲೂ ಅದೇ ತಂಡದಲ್ಲಿದ್ದಾಳೆ. ಕಳೆದ ತಿಂಗಳು ಇನ್ನೊಂದು ಕೆಲಸಕ್ಕೆ ಚನ್ನಪಟ್ಟಣಕ್ಕೆ ಹೋದಾಗ ಆ ಮನೆಯ ಮಹಡಿ ಹತ್ತಿದ್ದೆ. ಪೇಟವಿಲ್ಲದ ಡೋಲಿನವನು ಗಾಜಿನೊಳಗೆ ನಿಂತಿದ್ದ. ಲಗ್ನಪತ್ರಿಕೆ ಅವನ ತಲೆಯ ಮೇಲೆ ತಡೆಯಿಲ್ಲದೆ ಹಾಯ್ದುಹೋಯಿತು.